ನಿಮಗಿದು ಗೊತ್ತೇ? ಆಡಿ ಮರೆಯಾದ ಫುಟ್‌ಬಾಲ್ ತಂಡಗಳು

ಸಾದಲಿಯ ಕಡೆ ಸಂಜೆ ಹೊತ್ತು ಹುಡುಗರ ಕೈಯಲ್ಲಿ ಕಾಣುವುದು ಕ್ರಿಕೆಟ್ ಬ್ಯಾಟು, ಇಲ್ಲವೇ ವಾಲಿಬಾಲ್. ಫುಟ್‌ಬಾಲ್ ಅಂದರೆ ನಡುರಾತ್ರಿ ಟಿ.ವಿ.ಯಲ್ಲಿ ಬರುವ ದೂರದೇಶದ ಆಟ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಆದರೆ ಬೆಳಗಿನ ಬಸ್ಸು ಹತ್ತಿದರೆ ತಿಂಡಿ ಹೊತ್ತಿಗೆಲ್ಲ ತಲುಪುವ ಬೆಂಗಳೂರು ಒಂದು ಕಾಲಕ್ಕೆ ಇಡೀ ದೇಶಕ್ಕೆ ಫುಟ್‌ಬಾಲ್ ಆಟಗಾರರನ್ನು ಕೊಟ್ಟ ಊರು. ಅಲ್ಲಿ ಗೆದ್ದು ಮೆರೆದು ಸದ್ದಿಲ್ಲದೆ ಮರೆಯಾದ ತಂಡಗಳೂ, ಹೊರಗೆ ನಾಲ್ಕು ದಿನ ನಡೆದು ನಿಂತ ಲೀಗುಗಳೂ ಈ ಸಲದ ಅಂಕಣಕ್ಕೆ. ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಆ ಆಟಗಾರರ ಮನೆಯ ಒಲೆ ಯಾರ ದುಡ್ಡಿನಿಂದ ಉರಿಯುತ್ತಿತ್ತು?

ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು, ಗೊತ್ತೇ? ಕೋಲ್ಕತ್ತದ್ದಲ್ಲ, ಮುಂಬೈಯದೂ ಅಲ್ಲ. ನಮ್ಮ 'ಬೆಂಗಳೂರು ಮುಸ್ಲಿಮ್ಸ್', 1937ರಲ್ಲಿ. ಮುಂಬೈಯಲ್ಲಿ 1891ರಿಂದ ನಡೆಯುತ್ತಿದ್ದ ಆ ಟೂರ್ನಿ ಅಲ್ಲಿಯವರೆಗೆ ಬ್ರಿಟಿಷ್ ಪಡೆಗಳ ಸ್ವತ್ತಿನಂತಿತ್ತು. ಮರುವರ್ಷ 1938ರಲ್ಲೂ ಕಪ್ಪು ಬೆಂಗಳೂರಿಗೇ ಬಂತು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮತ್ತೊಮ್ಮೆ. 1911ರಲ್ಲಿ ಐ.ಎಫ್.ಎ. ಶೀಲ್ಡ್ ಗೆದ್ದ ಮೋಹನ್ ಬಾಗಾನ್ ತಂಡವನ್ನು ದೇಶವೇ ನೆನೆಯುತ್ತದೆ. 1940ರಲ್ಲಿ ಡ್ಯುರಾಂಡ್ ಕಪ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್‌ಗೂ ಆ ಗೌರವವಿದೆ. ಇವೆರಡರ ನಡುವೆ ನಿಲ್ಲಬೇಕಾದ 1937ರ ಗೆಲುವು ಮಾತ್ರ ಕನ್ನಡದ ಶಾಲಾ ಮಕ್ಕಳ ಬಾಯಲ್ಲಿ ಬರುವುದೇ ಇಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅಂದ ಹಾಗೆ, ಮರೆಯಾದದ್ದು ಗೆದ್ದ ತಂಡದ ಹೆಸರಷ್ಟೇ ಅಲ್ಲ, ರೋವರ್ಸ್ ಕಪ್ಪೂ ಈ ಶತಮಾನದ ಆರಂಭದಲ್ಲೇ ನಿಂತುಹೋಯಿತು.

ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1948ರ ಜುಲೈ 31, ಲಂಡನ್ ಹತ್ತಿರದ ಇಲ್ಫರ್ಡ್, ಎದುರಾಳಿ ಫ್ರಾನ್ಸ್. ನಮ್ಮ ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದರು, ಎರಡು ಪೆನಾಲ್ಟಿ ಕೈತಪ್ಪಿದವು, 2–1ರಲ್ಲಿ ಸೋತರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರಾಗಿ ಅವರು ಮನೆಮಾತಾದರು. ಊರಿನ ಮೈದಾನದಲ್ಲಿ ಕಲಿತು ಕೋಲ್ಕತ್ತದಲ್ಲಿ ಬೆಳಗುವುದು ನಮ್ಮವರಿಗೆ ಆಗಿನಿಂದಲೇ ರೂಢಿಯಾಯಿತು.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ವಿಜೇತರ ಹಳೆಯ ಪಟ್ಟಿಯಲ್ಲಿ 'ಕರ್ನಾಟಕ' ಎಂದು ಹುಡುಕಿದರೆ ಸಿಗುವುದಿಲ್ಲ. ನಾಲ್ಕು ಸಲ ಗೆದ್ದದ್ದು 'ಮೈಸೂರು'. ಕೊನೆಯದು 1968–69ರಲ್ಲಿ. ರಾಜ್ಯದ ಹೆಸರು ಬದಲಾಗಿ ಐವತ್ತು ವರ್ಷ ತುಂಬುವ ಹೊತ್ತಿಗೆ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಎಂಬ ಹೆಸರಿನಲ್ಲಿ ನಮ್ಮವರು ಮೊದಲ ಬಾರಿ ಗೆದ್ದರು.

ಇನ್ನು ನಮ್ಮ ಕಡೆಗೆ ಬರೋಣ. 2007ರವರೆಗೆ ಸಾದಲಿ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲ ಕೋಲಾರ ಜಿಲ್ಲೆಯೇ. ಚಿನ್ನದ ಗಣಿಗಳ ಊರು ಕೆ.ಜಿ.ಎಫ್. ಕೂಡ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಒಂದು ದೊಡ್ಡ ಗಣಿಯ ಹೆಸರು 'ನಂದಿದುರ್ಗ', ನಮ್ಮ ನಂದಿಬೆಟ್ಟದ ಹೆಸರೇ. ಗಣಿ ಕಾಲೊನಿಗಳಲ್ಲಿ ಫುಟ್‌ಬಾಲ್, ಹಾಕಿ ಎರಡೂ ಹುಲುಸಾಗಿ ಬೆಳೆದಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಸಂಬಳ ನಿಂತ ಊರಿನಲ್ಲಿ ಆಟ ಮೊದಲಿನ ಹಾಗೆ ನಡೆಯಲು ಹೇಗೆ ಸಾಧ್ಯ?

ಈಗ ಕಾರ್ಖಾನೆ ತಂಡಗಳು. ಐ.ಟಿ.ಐ. ಎಂದರೆ ನಮ್ಮ ಹಿರಿಯರಿಗೆ ಮನೆಯ ಟೆಲಿಫೋನ್ ನೆನಪಾಗುತ್ತದೆ, ಎಚ್.ಎ.ಎಲ್. ಎಂದರೆ ವಿಮಾನ. ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂತು ನೋಡಿದವರಿಗೆ ಇವೆರಡೂ ಮೊದಲು ತಂಡಗಳು, ಆಮೇಲೆ ಕಾರ್ಖಾನೆಗಳು. ಆಟ ಚೆನ್ನಾಗಿದ್ದ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ತಿಂಗಳ ಕೊನೆಗೆ ಸಂಬಳ, ಜೊತೆಗೆ ಪಿ.ಎಫ್. ಕಾಲು ಮುರಿದರೂ ಕೆಲಸ ಉಳಿಯುತ್ತಿತ್ತು. ಮೂವತ್ತೈದಕ್ಕೆ ಆಟ ಬಿಟ್ಟರೂ ನಿವೃತ್ತಿಯವರೆಗೆ ನೆಲೆ ಇರುತ್ತಿತ್ತು. ಐ.ಟಿ.ಐ. ರಾಷ್ಟ್ರೀಯ ಲೀಗ್‌ನಲ್ಲೂ ಆಡಿತು. ಎಚ್.ಎ.ಎಲ್. 2010ರಲ್ಲಿ ಎರಡನೇ ಡಿವಿಷನ್‌ನಿಂದ ಮೇಲೇರಿ ದೇಶದ ಅತ್ಯುನ್ನತ ಲೀಗ್ ಆಗಿದ್ದ ಐ-ಲೀಗ್ ಸೇರಿತು. ಬೇರೆ ತಂಡಗಳು ನೈಜೀರಿಯಾ, ಬ್ರೆಜಿಲ್‌ಗಳಿಂದ ಗೋಲು ಹೊಡೆಯುವವರನ್ನು ಕರೆತರುತ್ತಿದ್ದ ಕಾಲದಲ್ಲಿ ಇವರು ತಮ್ಮ ನೌಕರರನ್ನೇ ನಂಬಿ ಎರಡು ಋತು ಆಡಿದರು. 2011–12ರ ಕೊನೆಗೆ ಕೆಳಗಿನ ಡಿವಿಷನ್‌ಗೆ ಜಾರಿದರು, ಮತ್ತೆ ಮೇಲೆ ಬರಲಿಲ್ಲ. ಅದೇ ವರ್ಷ ಜೊತೆಗೇ ಜಾರಿದ ಚಿರಾಗ್ ಯುನೈಟೆಡ್ ಕ್ಲಬ್ ಕೇರಳ ಮುಚ್ಚಿಯೇ ಹೋಯಿತು. ಎರಡಕ್ಕೂ ಇರುವ ವ್ಯತ್ಯಾಸ ಗಮನಿಸಿ. ಎಚ್.ಎ.ಎಲ್. ಹುಡುಗರು ಸೋತ ಮರುದಿನವೂ ಫ್ಯಾಕ್ಟರಿ ಗೇಟಿನೊಳಗೆ ಹೋಗಬಹುದಿತ್ತು. ಕ್ಲಬ್ಬನ್ನೇ ನಂಬಿದ ಹುಡುಗನಿಗೆ ಹೋಗಲು ಗೇಟೇ ಇರಲಿಲ್ಲ.

ರೇಷ್ಮೆ ನಂಬಿದ ನಮಗೆ ಇದು ಬೇಗ ಅರ್ಥವಾಗುತ್ತದೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ರೇಟು ಬಿದ್ದರೆ ಹಿಪ್ಪುನೇರಳೆ ತೋಟದ ಜೊತೆ ಎರಡು ಹಸುವೂ ಇರುವ ರೈತ ಹೇಗೋ ತಡೆದುಕೊಳ್ಳುತ್ತಾನೆ. ಸಾಲ ತಂದು ನೂಲು ತೆಗೆಯುವ ರೀಲರ್ ಒಂದೇ ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತದೆ.

2013 ಒಂದು ತಿರುವಿನ ವರ್ಷ. ಕ್ಲಬ್ ಪರವಾನಗಿಯ ನಿಯಮ ಪೂರೈಸಲಿಲ್ಲವೆಂದು ಏರ್ ಇಂಡಿಯಾ ಮತ್ತು ಓ.ಎನ್.ಜಿ.ಸಿ. ತಂಡಗಳನ್ನು ಐ-ಲೀಗ್‌ನಿಂದ ಹೊರಗಿಟ್ಟರು. ನೌಕರರ ತಂಡಗಳ ಕಾಲ ಅಲ್ಲಿಗೆ ಮುಗಿಯಿತು. ಅದೇ ವರ್ಷ ಜುಲೈ 20ರಂದು ಜೆ.ಎಸ್.ಡಬ್ಲ್ಯು. ಸಮೂಹದ ಬೆಂಗಳೂರು ಎಫ್.ಸಿ. ಹುಟ್ಟಿತು, ನೇರವಾಗಿ ಮೇಲಿನ ಲೀಗ್‌ಗೆ ಪ್ರವೇಶ ಪಡೆಯಿತು, ಮೊದಲ ಋತುವಿನಲ್ಲೇ ಚಾಂಪಿಯನ್ ಆಯಿತು.

ಕಾರ್ಲ್‌ಟನ್ ಚಾಪ್‌ಮನ್ ಹೆಸರು ಕೇಳಿದ್ದೀರಾ? 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಭಾರತ ತಂಡದ ನಾಯಕನಾದವರು. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಆಡಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದರು. ಅವರು ಬೆಳಗಿದ ತಂಡಗಳಲ್ಲಿ ಎರಡು ಇವತ್ತು ಇಲ್ಲ. ಒಂದು ಪಂಜಾಬಿನ ಫಗ್ವಾರಾದ ಜೆ.ಸಿ.ಟಿ., ಬಟ್ಟೆ ಗಿರಣಿಯ ತಂಡ. 1996–97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದದ್ದು ಅದೇ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ, ನಮ್ಮ ಚಾಪ್‌ಮನ್ ಮೂವರೂ ಅದರಲ್ಲಿದ್ದರು. 1971ರಲ್ಲಿ ಹುಟ್ಟಿದ ಆ ತಂಡವನ್ನು ನಲವತ್ತು ವರ್ಷ ಸಾಕಿ, ಟಿ.ವಿ.ಯಲ್ಲಿ ಲೀಗನ್ನು ನೋಡುವವರಿಲ್ಲ, ಪ್ರಚಾರ ಸಿಗುತ್ತಿಲ್ಲ ಎಂದು ಕಂಪನಿ 2011ರಲ್ಲಿ ಮುಚ್ಚಿತು. ಇನ್ನೊಂದು ಎಫ್.ಸಿ. ಕೊಚ್ಚಿನ್. 1997ರಲ್ಲಿ ಶುರುವಾಗಿ ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದು, ಆ ಕಪ್ಪನ್ನು ಕೇರಳಕ್ಕೆ ಒಯ್ದ ಮೊದಲ ತಂಡವಾಯಿತು. ಐದೇ ವರ್ಷದಲ್ಲಿ ಆಟಗಾರರ ಸಂಬಳ ಕೊಡಲಾಗದೆ ಕರಗಿತು. ಚಾಪ್‌ಮನ್ ಮತ್ತೆ ಈಸ್ಟ್ ಬೆಂಗಾಲ್ ಸೇರಿ, ನಾಯಕನಾಗಿ 2000–01ರ ಲೀಗ್ ಗೆಲ್ಲಿಸಿದರು. 2020ರ ಅಕ್ಟೋಬರ್‌ನಲ್ಲಿ, ಐವತ್ತು ತುಂಬುವ ಮೊದಲೇ, ಬೆಂಗಳೂರಿನಲ್ಲಿ ತೀರಿಕೊಂಡರು.

ಮುಂಬೈಯ ಮಹೀಂದ್ರಾ ಯುನೈಟೆಡ್ 2005–06ರಲ್ಲಿ ದೇಶದ ಚಾಂಪಿಯನ್. 2010ರಲ್ಲಿ ಇಲ್ಲ.

ಒಂದೂ ಪಂದ್ಯ ಆಡದೆ ಸತ್ತ ಲೀಗ್ ಒಂದಿದೆ. 2012ರ ಜನವರಿಯಲ್ಲಿ ಕೋಲ್ಕತ್ತದಲ್ಲಿ ಬಂಗಾಳದ ಪ್ರೀಮಿಯರ್ ಲೀಗ್ ಸಾಕರ್‌ಗೆ ಹರಾಜು ನಡೆಯಿತು. ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಫ್ಯಾಬಿಯೊ ಕನ್ನವಾರೊ ಸಿಲಿಗುರಿಯ ಪಾಲಾದರು, 8,30,000 ಡಾಲರ್‌ಗೆ. ಅರ್ಜೆಂಟೀನಾದ ಹರ್ನಾನ್ ಕ್ರೆಸ್ಪೊ ಬಾರಾಸಾತ್‌ಗೆ, 8,40,000 ಡಾಲರ್‌ಗೆ. ಮೈದಾನಗಳು ಸಿದ್ಧವಾಗಲಿಲ್ಲ, ದಿನಾಂಕ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕನ್ನವಾರೊ ಸಿಲಿಗುರಿಗೆ ಆಡಲೇ ಇಲ್ಲ.

ಬೆಂಗಳೂರಿಗೂ ಹಾಗೆ ಹುಟ್ಟದೇ ಹೋದ ತಂಡವೊಂದಿದೆ. ಇಂಡಿಯನ್ ಸೂಪರ್ ಲೀಗ್ ಶುರುವಾದ 2014ರಲ್ಲಿ ಬೆಂಗಳೂರಿನ ಫ್ರಾಂಚೈಸಿ ಸನ್ ಸಮೂಹದ ಪಾಲಾಗಿತ್ತು. ಅವರು ಹಿಂದೆ ಸರಿದರು, ಆ ಜಾಗಕ್ಕೆ ಚೆನ್ನೈ ಬಂತು. ಬೆಂಗಳೂರಿಗೆ ಆ ಲೀಗ್‌ನ ಬಾಗಿಲು ತೆರೆದದ್ದು 2017ರಲ್ಲಿ.

2016ರ ಪ್ರೀಮಿಯರ್ ಫುಟ್‌ಸಾಲ್ ನೆನಪಿದೆಯೇ? ಒಳಾಂಗಣದಲ್ಲಿ ತಂಡಕ್ಕೆ ಐದೈದು ಜನ. ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾಲ್ ಸ್ಕೋಲ್ಸ್ ಬೆಂಗಳೂರು ತಂಡದ ಆಕರ್ಷಣೆ. ಗೋವಾ ಪರ ಆಡಿದ ರೊನಾಲ್ಡಿನೊ ಬೆಂಗಳೂರಿನ ಮೇಲೆ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದರು. ಎರಡು ವರ್ಷ ನಡೆಯಿತು, ಅಷ್ಟೇ.

ಹೊರಗಿನ ಕೆಲವು, ಒಂದೇ ಉಸಿರಿನಲ್ಲಿ. ಇಂಗ್ಲೆಂಡಿನ ಮೊದಲ ಎಫ್.ಎ. ಕಪ್ಪನ್ನು 1872ರಲ್ಲಿ ಗೆದ್ದ ವಾಂಡರರ್ಸ್, ಐದು ಸಲ ಗೆದ್ದ ಮೇಲೂ ಆ ಶತಮಾನ ದಾಟಲಿಲ್ಲ. ಕೊಲಂಬಿಯಾದ ಲೀಗ್ 1949ರಿಂದ ಕೆಲವು ವರ್ಷ ಫಿಫಾ ನಿಯಮ ಮೀರಿ ಬೇರೆ ಕ್ಲಬ್‌ಗಳಿಗೆ ಬಿಡಿಗಾಸೂ ಕೊಡದೆ ಆಟಗಾರರನ್ನು ಸೆಳೆಯಿತು. ಆಲ್ಫ್ರೆಡೊ ಡಿ ಸ್ಟೆಫಾನೊ ಆಗ ಅಲ್ಲಿನ ಮಿಲ್ಯೊನಾರಿಯೋಸ್ ತಂಡದಲ್ಲಿದ್ದರು. ವಿಯೆನ್ನಾದ ಯಹೂದಿಗಳ ಕ್ಲಬ್ ಹಕೋವಾ 1925ರಲ್ಲಿ ಆಸ್ಟ್ರಿಯಾದ ಚಾಂಪಿಯನ್. 1938ರಲ್ಲಿ ನಾಜಿಗಳು ಬಂದ ಕೂಡಲೇ ಅದನ್ನು ಇಲ್ಲವಾಗಿಸಿದರು. ಈ ಪಟ್ಟಿಯಲ್ಲಿ ದುಡ್ಡಿನ ಕೊರತೆಯಿಂದಲ್ಲದೆ ದ್ವೇಷದಿಂದ ಸತ್ತ ತಂಡ ಅದೊಂದೇ. ಚೀನಾದ ಜಿಯಾಂಗ್ಸು 2020ರ ನವೆಂಬರ್‌ನಲ್ಲಿ ಲೀಗ್ ಗೆದ್ದಿತು, 2021ರ ಫೆಬ್ರವರಿ 28ಕ್ಕೆ ಮುಚ್ಚಿತು, ನಡುವೆ ನಾಲ್ಕು ತಿಂಗಳೂ ಇಲ್ಲ. ಹನ್ನೆರಡು ಶ್ರೀಮಂತ ಕ್ಲಬ್‌ಗಳು 2021ರ ಏಪ್ರಿಲ್ 18ರಂದು ಘೋಷಿಸಿದ ಯುರೋಪಿಯನ್ ಸೂಪರ್ ಲೀಗ್‌ನಿಂದ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಎರಡೇ ದಿನಕ್ಕೆ ಹೊರಬಂದವು. ಅಭಿಮಾನಿಗಳು ಬೀದಿಗಿಳಿದು ನಿಲ್ಲಿಸಿದ ಲೀಗ್ ಅದು. ಅಮೆರಿಕದ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯು.ಯು.ಎಸ್.ಎ. ಮೂರು ಋತು ನಡೆದು 2003ರ ಸೆಪ್ಟೆಂಬರ್ 15ರಂದು ನಿಂತಿತು. ಐದು ದಿನಕ್ಕೆ ಅದೇ ದೇಶದಲ್ಲಿ ಮಹಿಳಾ ವಿಶ್ವಕಪ್ ಶುರು. ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳು ಆ ವಾರವೇ ದೇಶಕ್ಕಾಗಿ ಮೈದಾನಕ್ಕೆ ಇಳಿಯಬೇಕಾಯಿತು.

ಪೆಲೆ 1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಆಡಿದಾಗ ತೊಟ್ಟಿದ್ದ ಅಂಗಿ ನ್ಯೂಯಾರ್ಕ್ ಕಾಸ್ಮಸ್ ತಂಡದ್ದು. ಪಂದ್ಯ 2–2ರಲ್ಲಿ ಸಮವಾಯಿತು. ಅದಾದ ಒಂದೇ ವಾರಕ್ಕೆ ಅವರು ಕೊನೆಯ ಪಂದ್ಯ ಆಡಿದರು. ಆ ವರ್ಷದ ಆಗಸ್ಟ್‌ನಲ್ಲಿ ಕಾಸ್ಮಸ್ ಆಟ ನೋಡಲು 77,691 ಜನ ಸೇರಿದ್ದರು. ಕಾಸ್ಮಸ್ ಆಡುತ್ತಿದ್ದ ಲೀಗ್ ಅತಿ ಬೇಗ ಹಿಗ್ಗಿ 24 ತಂಡಗಳಾಯಿತು, 1984ಕ್ಕೆ ಒಂಬತ್ತಕ್ಕೆ ಇಳಿಯಿತು. ಮುಂದಿನ ವರ್ಷಕ್ಕೆ ಆಡುತ್ತೇವೆ ಎಂದು ಉಳಿದದ್ದು ಎರಡೇ ತಂಡ, ಲೀಗ್ ಮುಚ್ಚಿತು. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಮಾತ್ರ ಪೆಲೆಯ ಪ್ರತಿಮೆ ಇದೆ, ಅಂಬೇಡ್ಕರ್ ಮತ್ತು ಮದರ್ ತೆರೇಸಾ ಜೊತೆಗೆ. ಆ ಬೀದಿಗಳ ಹುಡುಗರು ಕಂಪನಿ ಇದ್ದಾಗಲೂ ಇಲ್ಲದಾಗಲೂ ಚೆಂಡು ಒದೆಯುವುದನ್ನು ಬಿಟ್ಟಿಲ್ಲ. ಒಮ್ಮೆ ಹೋಗಿ ನೋಡಿ ಬನ್ನಿ.

ಕೊನೆಯದು, ಇತ್ತೀಚಿನದು. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸುವ ಒಪ್ಪಂದ ಮುಂದುವರಿಯುವುದೋ ಇಲ್ಲವೋ ತಿಳಿಯದೆ ಲೀಗ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ಕಿರಿಯರ ತಂಡಗಳು, ಹುಡುಗಿಯರದೂ ಸೇರಿದಂತೆ, ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ.