ಹಳೆಯ ಮೌಸರ್‌ಗೆ ಹೊಸ ನಳಿಗೆ

ಪೌಲ್ ಮೌಸರ್ ರೂಪಿಸಿ, ಜರ್ಮನ್ ಸೇನೆ 1898ರಲ್ಲಿ ಒಪ್ಪಿಕೊಂಡ ಬೋಲ್ಟ್ ರೈಫಲ್‌ನಲ್ಲಿ ಮೊದಲು ಸಾಯುವುದು ನಳಿಗೆ. ಬೋಲ್ಟು, ಅದನ್ನು ಹಿಡಿದಿಡುವ ಉಕ್ಕಿನ ಚೌಕಟ್ಟು, ತೋಟಾಗಳನ್ನು ಹೊರುವ ಮ್ಯಾಗಜೀನು ಮೂರು ತಲೆಮಾರು ದಾಟಿಯೂ ಗಟ್ಟಿಮುಟ್ಟಾಗಿರುತ್ತವೆ. ನಳಿಗೆಯೊಳಗಿನ ಸುರುಳಿ ಗೀರುಗಳು ಮಾತ್ರ ಸವೆದು, ತುಕ್ಕು ಹಿಡಿದು, ಗುಂಡು ಎತ್ತ ಹೋಗುತ್ತದೆಂದು ಹೇಳಲಾಗದ ಸ್ಥಿತಿಗೆ ಬರುತ್ತವೆ. ಹಿಂದಿನ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಉರಿದ ಮೇಲೆ ಒಂದು ಬಗೆಯ ಉಪ್ಪನ್ನು ಉಳಿಸಿ ಹೋಗುತ್ತಿತ್ತು. ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತಿತ್ತು. ಹೊಡೆದ ದಿನವೇ ಬಿಸಿನೀರು ಹಾಯಿಸಿ ತೊಳೆಯದ ನಳಿಗೆಗಳೆಲ್ಲ ಹೀಗೇ ಹಾಳಾದವು. ಅಂಥ ರೈಫಲ್‌ಗೆ ಹಿಂದಿದ್ದ 8 ಮಿ.ಮೀ. ನಳಿಗೆಯ ಬದಲು ಹೆಚ್ಚು ವ್ಯಾಸದ, ಹೆಚ್ಚು ಭಾರದ ಗುಂಡಿನ ನಳಿಗೆ ಕೂರಿಸಿದರೆ ಹಳೆಯ ಬಂದೂಕುಗಳ ಅಭಿಮಾನಿಗಳಲ್ಲಿ ಹಲವರು ಅದನ್ನು ಅಪಚಾರ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಒಂದು ಷರತ್ತಿದೆ: ಹೊಸ ತೋಟಾ ನಳಿಗೆಯೊಂದನ್ನು ಬಿಟ್ಟು ಬೇರೇನನ್ನೂ ಬದಲಿಸೆಂದು ಕೇಳಬಾರದು. ಈ ಪರೀಕ್ಷೆಯಲ್ಲಿ ಗೆಲ್ಲುವ ಪರಿವರ್ತನೆ ಮೂಲ ವಿನ್ಯಾಸದ ಮುಂದುವರಿಕೆ. ಸೋಲುವಂಥದ್ದು ನಿಜಕ್ಕೂ ಹಾನಿ.

ಇದಕ್ಕೆ ಅತ್ಯುತ್ತಮ ಸಾಕ್ಷಿ ಬರ್ಲಿನ್‌ನ ಬಂದೂಕು ತಯಾರಕ ಓಟೊ ಬಾಕ್ 1905ರಲ್ಲಿ ರೂಪಿಸಿದ 9.3x62 ತೋಟಾ. ಆಗ ಆಫ್ರಿಕದ ಜರ್ಮನ್ ವಸಾಹತುಗಳಿಗೆ ಹೋಗಿ ನೆಲೆಸುತ್ತಿದ್ದ ರೈತರಿಗೆ ಜಿಂಕೆ ಜಾತಿಯ ಪ್ರಾಣಿಗಳಿಗೂ ಸಾಕಾಗುವ, ಕಾಡೆಮ್ಮೆಯೋ ಸಿಂಹವೋ ಎದುರಾದರೂ ಕೈಕೊಡದ ಒಂದೇ ಬಂದೂಕು ಬೇಕಿತ್ತು. ಇಂಗ್ಲೆಂಡಿನ ಜೋಡುನಳಿಗೆ ರೈಫಲ್‌ಗಳ ಬೆಲೆ ಅವರ ಕೈಗೆಟುಕುವಂಥದ್ದಲ್ಲ. ಬಾಕ್ ಹೊಸ ಬಂದೂಕು ಕಟ್ಟಲು ಹೋಗದೆ, ಇದ್ದ ಮೌಸರ್ ಏನನ್ನು ಹೊರಬಲ್ಲದು ಎಂಬುದನ್ನು ಅಳೆದು ಅದಕ್ಕೆ ತಕ್ಕ ತೋಟಾ ಮಾಡಿದ. ಸೇನೆಯ 8x57 ತೋಟಾದ ಬುಡದ ಅಂಚಿನ ವ್ಯಾಸ ಸುಮಾರು 12 ಮಿ.ಮೀ.; ಬಾಕ್‌ನದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಬೋಲ್ಟಿನ ಮುಖವನ್ನೂ ತೋಟಾವನ್ನು ಹಿಡಿದೆಳೆಯುವ ಉದ್ದನೆಯ ಕೊಕ್ಕೆಯನ್ನೂ ಮುಟ್ಟಬೇಕಿಲ್ಲ. ಮೌಸರ್ ಮ್ಯಾಗಜೀನಿನ ಒಳಉದ್ದ ಸುಮಾರು 84 ಮಿ.ಮೀ.; ಬಾಕ್‌ನ ತೋಟಾದ ಪೂರ್ಣ ಉದ್ದ 83.6 ಮಿ.ಮೀ. ಇದ್ದ ಜಾಗವನ್ನೆಲ್ಲ ಬಳಸಿಕೊಂಡು, ಗೋಡೆಯನ್ನು ಮಾತ್ರ ಕೆರೆಯದೆ ಉಳಿಸಿದ ಲೆಕ್ಕಾಚಾರ ಅದು. ಇನ್ನೂ ಮುಖ್ಯವಾದದ್ದು ಒತ್ತಡ. ಯುರೋಪಿನ ಈಗಿನ ಮಾನದಂಡದಲ್ಲಿ 8x57 ಐಎಸ್ ತೋಟಾಕ್ಕೆ ಅನುಮತಿಸಿದ ಗರಿಷ್ಠ ಒತ್ತಡ 3,900 ಬಾರ್, 9.3x62ಕ್ಕೂ 3,900 ಬಾರ್. ಬುಡದ ಅಳತೆಯೂ ಒತ್ತಡವೂ ಒಂದೇ ಆದಾಗ ಬೋಲ್ಟನ್ನು ಬಿಗಿಹಿಡಿಯುವ ಲಗ್‌ಗಳ ಮೇಲೆ ಬೀಳುವ ಹೊರೆಯೂ ಬಹುತೇಕ ಒಂದೇ. ಈ ಹೊರೆಗೆಂದೇ ಹುಟ್ಟಿದ ಉಕ್ಕಿಗೆ ಹೊಸದಾಗಿ ಏನನ್ನೂ ಹೇರಿದಂತಾಗಲಿಲ್ಲ. ಹೀಗಿದ್ದೂ 18.5 ಗ್ರಾಮಿನ ಗುಂಡು ಇಂದಿನ ಮದ್ದಿನಲ್ಲಿ ಸೆಕೆಂಡಿಗೆ 720 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ. ಅದರ ಶಕ್ತಿ ಸುಮಾರು 4,800 ಜೌಲ್.

ಇದರ ಎದುರಿಗೆ .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾವನ್ನು ಇಟ್ಟು ನೋಡಬೇಕು. 1912ರಲ್ಲಿ ಬಂದ ಅದು ಶ್ರೇಷ್ಠ ತೋಟಾ ಎಂಬುದರಲ್ಲಿ ಎರಡು ಮಾತಿಲ್ಲ. ಆಫ್ರಿಕದಲ್ಲಿ ಅದಕ್ಕೆ ಸಿಕ್ಕ ಗೌರವ ಪುಕ್ಕಟೆ ಸಿಕ್ಕಿದ್ದಲ್ಲ. ಆದರೆ ಅದರ ಪೂರ್ಣ ಉದ್ದ 91.4 ಮಿ.ಮೀ., ಬುಡದ ಸುತ್ತಿನ ಪಟ್ಟಿಯ ವ್ಯಾಸ 13.5 ಮಿ.ಮೀ., ಒತ್ತಡದ ಮಿತಿ 4,300 ಬಾರ್. ಇದನ್ನು ಸಾಮಾನ್ಯ ಉದ್ದದ ಮೌಸರ್‌ನೊಳಗೆ ತುರುಕಬೇಕಾದರೆ ಬೋಲ್ಟಿನ ಮುಖವನ್ನು ಹಿಗ್ಗಿಸಬೇಕು, ಕೊಕ್ಕೆಯನ್ನು ಉಜ್ಜಬೇಕು, ಮ್ಯಾಗಜೀನನ್ನು ಹಿಂದಕ್ಕೂ ಮುಂದಕ್ಕೂ ಚಾಚಬೇಕು. ಮುಂದಕ್ಕೆ ಚಾಚುವುದೆಂದರೆ ತೋಟಾ ಏರಿ ಬರುವ ಇಳಿಜಾರನ್ನು ಕೆತ್ತಿ ತೆಗೆಯುವುದು. ಅದರ ಬೆನ್ನಿಗೇ ಇರುವುದು ಕೆಳಗಿನ ಲಗ್ ಆತುಕೊಳ್ಳುವ ಉಕ್ಕು. ಒತ್ತಡ ಏರಿದ ಹೊತ್ತಿನಲ್ಲೇ ಅದನ್ನು ತಡೆಯುವ ಗೋಡೆಯನ್ನು ತೆಳುವಾಗಿಸುವ ಕೆಲಸವಿದು. ಅಮೆರಿಕದಲ್ಲೂ ಯುರೋಪಿನಲ್ಲೂ ನುರಿತವರು ಇದನ್ನು ಮಾಡಿದ್ದುಂಟು, ಅಂಥ ರೈಫಲ್‌ಗಳಲ್ಲಿ ಕೆಲವು ಚೆನ್ನಾಗಿ ಬಾಳಿದ್ದೂ ಉಂಟು. ಆದರೆ ಮಾಡಬಹುದು ಎಂಬುದು ಮಾಡಬೇಕು ಎಂಬುದಕ್ಕೆ ಕಾರಣವಾಗದು. ಹೆಚ್ಚುವರಿ ಸಾವಿರ ಜೌಲ್ ಬೇಕೇಬೇಕು ಎನ್ನುವವರು ಆ ಉದ್ದಕ್ಕೆಂದೇ ಕಟ್ಟಿದ ಮ್ಯಾಗ್ನಮ್ ಮೌಸರನ್ನು ಹುಡುಕಲಿ.

ಅಮೆರಿಕದ .35 ವೀಲನ್ ಕೂಡ ಇದೇ ಮಾತಿಗೆ ಸಾಕ್ಷಿ. 1922ರಲ್ಲಿ ಹುಟ್ಟಿದ ಅದು ಸೇನೆಯ .30-06 ತೋಟಾದ ಕತ್ತನ್ನು ಹಿಗ್ಗಿಸಿದ್ದಷ್ಟೆ. ಹಾಗಾಗಿ ಅದೇ ಸೇನೆಯ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗೆ ನಳಿಗೆ ಬದಲಿಸಿದರೆ ಸಾಕಾಗುತ್ತಿತ್ತು. ಕುಶಲಕರ್ಮಿಗಳ ಅಂಗಡಿಗಳಲ್ಲೇ ಅರವತ್ತಕ್ಕೂ ಹೆಚ್ಚು ವರ್ಷ ಬದುಕಿದ ಮೇಲೆ, 1988ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಕಾರ್ಖಾನೆಯ ತೋಟಾವಾಗಿ ಕೈಗೆತ್ತಿಕೊಂಡಿತು. ನಮ್ಮ ದೇಶದಲ್ಲಿ ಇಂಥ ಪರಿವರ್ತನೆಯನ್ನು ಮಾಡಿಸಿದ್ದು ಕಾನೂನು. ಸೇನೆಯ .303 ತೋಟಾ ನಾಗರಿಕರ ಕೈಗೆ ಸಿಗಬಾರದೆಂದು ಬ್ರಿಟಿಷ್ ಆಡಳಿತ ನಿರ್ಬಂಧ ಹೇರಿದಾಗ, ಆ ತೋಟಾ ಹಾರಿಸುತ್ತಿದ್ದ ಲೀ ಬೋಲ್ಟ್ ವ್ಯವಸ್ಥೆಯ ರೈಫಲ್‌ಗಳನ್ನೇ ಆಸ್ಟ್ರಿಯದ 8x50 ಮಾನ್‌ಲಿಕರ್ ತೋಟಾಕ್ಕೆ ಹೊಂದಿಸಿ .315 ಎಂಬ ಹೆಸರಿನಲ್ಲಿ ಮಾರಲಾಯಿತು. ಎರಡೂ ಅಂಚಿರುವ ತೋಟಾಗಳು, ಅಳತೆಯಲ್ಲೂ ಹತ್ತಿರ. ಅದಕ್ಕೇ ಈ ಜೋಡಣೆ ಗಟ್ಟಿಯಾಗಿ ನಿಂತಿತು, ಸ್ವತಂತ್ರ ಭಾರತದ ಇಷಾಪುರ ಕಾರ್ಖಾನೆಯೂ .315 ರೈಫಲನ್ನು ತಯಾರಿಸುತ್ತ ಬಂತು. ಈ ಬರಹವನ್ನು ಓದಿ ಕೊಡಗಿನಲ್ಲೋ ಮಲೆನಾಡಿನಲ್ಲೋ ಮನೆಯ ಹಳೆಯ ರೈಫಲನ್ನು ಇಳಿಸಿ ನೋಡುವವರಿಗೆ ಒಂದು ಮಾತು. 1972ರ ವನ್ಯಜೀವಿ ಕಾಯ್ದೆ ಇಲ್ಲಿ ಬೇಟೆಯ ಬಾಗಿಲು ಮುಚ್ಚಿದೆ, ಮುಚ್ಚಿದ್ದು ಸರಿಯಾಗಿಯೇ ಇದೆ. ಬಂದೂಕಿನ ರೂಪ ಬದಲಿಸುವುದೂ ಶಸ್ತ್ರಾಸ್ತ್ರ ಕಾಯ್ದೆಯ ಕಟ್ಟಿಗೆ ಒಳಪಟ್ಟದ್ದು. ಇಲ್ಲಿನ ಚರ್ಚೆ ಬೇಟೆ ಕಾನೂನುಬದ್ಧವಾಗಿರುವ ನಾಡುಗಳದು.

ಈಗ ಆಕ್ಷೇಪಗಳಿಗೆ ಬರೋಣ. ಚರಿತ್ರೆಯ ವಸ್ತುವನ್ನು ಕೆಡಿಸಬೇಡಿ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯೇ ಬೇಟೆಗಾಗಿ ಕಟ್ಟಿದ, ನಳಿಗೆಯೂ ಬೋಲ್ಟೂ ಮರವೂ ಒಟ್ಟಿಗೇ ಉಳಿದಿರುವ ರೈಫಲ್‌ನ ನಳಿಗೆ ಪೂರ್ತಿ ಸವೆದಿದ್ದರೂ ಅದನ್ನು ಹಾಗೆಯೇ ಬಿಡಬೇಕು. ಆದರೆ 1935ರಿಂದ 1945ರವರೆಗೆ ತಯಾರಾದ ಸೈನಿಕ ಮೌಸರ್‌ಗಳ ಸಂಖ್ಯೆಯೇ 1 ಕೋಟಿ 40 ಲಕ್ಷ ದಾಟುತ್ತದೆ. ಯುದ್ಧದ ನಂತರ ಅವುಗಳಲ್ಲಿ ಎಷ್ಟೋ ಬಿಡಿಭಾಗಗಳಾಗಿ ಹರಿದುಹಂಚಿ ಹೋದವು, ಎಷ್ಟೋ ಆಗಲೇ ಒಮ್ಮೆ ಮರ ಬದಲಿಸಿ ಬೇಟೆಯ ಬಂದೂಕುಗಳಾದವು. ಅಂಥದರಲ್ಲಿ ಕಾಪಾಡಬೇಕಾದ ಮೂಲರೂಪ ಉಳಿದೇ ಇಲ್ಲ. ಎರಡರ ನಡುವಿನ ರೈಫಲ್‌ಗೆ ಇನ್ನೊಂದು ಹಾದಿಯಿದೆ: ನಳಿಗೆಯನ್ನು ತೆಗೆಯದೆ ಅದರ ಒಳಗನ್ನಷ್ಟೇ ದೊಡ್ಡದಾಗಿ ಕೊರೆದು ಹೊಸ ಗೀರುಗಳನ್ನು ಹಾಕುವುದು. ಗೋಡೆಯ ದಪ್ಪ ಸಾಕಷ್ಟಿದ್ದರೆ ಹೊರಗಿನ ಮುದ್ರೆ, ಗುರಿಕಾಯಿ, ಆಕಾರ ಎಲ್ಲವೂ ಉಳಿಯುತ್ತವೆ. ನನ್ನ ಮಟ್ಟಿಗೆ, ಸಾಧ್ಯವಾದಲ್ಲೆಲ್ಲ ಇದೇ ಉತ್ತಮ ದಾರಿ.

ಇಷ್ಟು ದೊಡ್ಡ ಗುಂಡು ಯಾಕೆ ಎಂಬುದು ಎರಡನೆಯ ಆಕ್ಷೇಪ. ಜರ್ಮನಿಯ ಬೇಟೆ ಕಾನೂನು ಕಾಡುಹಂದಿಗೆ, ಕೆಂಪು ಜಿಂಕೆಗೆ ಕೇಳುವುದು ಕನಿಷ್ಠ 6.5 ಮಿ.ಮೀ. ವ್ಯಾಸ ಮತ್ತು 100 ಮೀಟರಿನಲ್ಲಿ 2,000 ಜೌಲ್. ಹಳೆಯ 8x57 ಅದನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ ಅಗತ್ಯ ಕಾನೂನಿನದಲ್ಲ, ಪ್ರಾಣಿಯದು. ಸೋವಿನ ಬೇಟೆಯಲ್ಲಿ ಹಂದಿ ಓಡುತ್ತಿರುತ್ತದೆ, ಗುಂಡು ಬೀಳುವ ಕೋನ ಹೊಡೆಯುವವರ ಕೈಯಲ್ಲಿರುವುದಿಲ್ಲ. ಮಧ್ಯಮ ವೇಗದ ಭಾರದ ಗುಂಡು ಮೂಳೆ ಎದುರಾದರೂ ನೇರ ಸಾಗಿ ಆಚೆ ಹೊರಬರುವ ಸಂಭವ ಹೆಚ್ಚು. ಆಗ ಬಿದ್ದ ರಕ್ತದ ಜಾಡು ಹಿಡಿದು ನಾಯಿಗಳು ಗಾಯಗೊಂಡ ಪ್ರಾಣಿಯನ್ನು ಬೇಗ ತಲುಪುತ್ತವೆ. ಪ್ರಾಣಿ ನರಳುವ ಹೊತ್ತನ್ನು ಕಡಿಮೆ ಮಾಡುವುದು ಬೇಟೆಗಾರನ ಮೊದಲ ಹೊಣೆ ಎಂದು ನಂಬುವವರಿಗೆ ಇದು ಸಣ್ಣ ಸಂಗತಿಯಲ್ಲ. ಬೆಲೆ ತೆರಬೇಕಾದದ್ದು ಭುಜ. 9.3 ಜೋರಾಗಿಯೇ ಒದೆಯುತ್ತದೆ. ಒದೆತಕ್ಕೆ ಹೆದರಿ ಕುದುರೆ ಎಳೆಯುವಾಗ ಕಣ್ಣುಮುಚ್ಚುವವರು ತಮ್ಮ 8 ಮಿ.ಮೀ.ನಲ್ಲೇ ಇರುವುದು ಪ್ರಾಣಿಗೂ ಒಳ್ಳೆಯದು. ಹಳೆಯ ಮರವೂ ಆ ಒದೆತಕ್ಕೆ ಸೀಳಬಹುದು. ಅದನ್ನು ಅಡ್ಡಬೋಲ್ಟು ಹಾಕಿ ಬಲಪಡಿಸಬೇಕಾಗುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಉಕ್ಕಿನದು. ನೂರು ವರ್ಷದ ಲೋಹವನ್ನು ಹೇಗೆ ನಂಬುವುದು? ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳ ಕಥೆ ಈ ಭಯಕ್ಕೆ ಆಧಾರ ಕೊಡುತ್ತದೆ. ಕ್ರಮಸಂಖ್ಯೆ ಸುಮಾರು 8 ಲಕ್ಷಕ್ಕಿಂತ ಕೆಳಗಿನವುಗಳಲ್ಲಿ ಕಾದ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲೇ ನೋಡಿ ಶಾಖ ಅಂದಾಜಿಸಿದ್ದರಿಂದ ಎಷ್ಟೋ ಚೌಕಟ್ಟುಗಳು ಪೆಡಸಾಗಿ, ಮೊದಲ ಮಹಾಯುದ್ಧದ ಹೊತ್ತಿಗೆ ಕೆಲವು ಒಡೆದೇಹೋದವು. ಮೌಸರ್ 98ರ ಗುಣ ಬೇರೆ. ಅದರ ಉಕ್ಕು ಮೇಲ್ಮೈಯಲ್ಲಿ ಗಡಸು, ಒಳಗೆ ಮೃದು; ಹೊರೆ ಮೀರಿದರೆ ಚೂರಾಗುವ ಬದಲು ಲಗ್‌ಗಳು ಆತುಕೊಂಡ ಜಾಗ ತಗ್ಗಿ ಬೋಲ್ಟ್ ಹಿಂದೆ ಸರಿಯುತ್ತದೆ, ಮಾಪಕ ಹಾಕಿದರೆ ಅದು ಗೊತ್ತಾಗುತ್ತದೆ. 1896ರ ಸ್ವೀಡಿಷ್ ಮಾದರಿಗೆ 98ರ ಮೂರನೆಯ ರಕ್ಷಣಾ ಲಗ್ ಇಲ್ಲ. ಆ ಮಾದರಿಯ ವ್ಯವಸ್ಥೆಗೆ ಹುಸ್ಕ್‌ವಾರ್ನಾ ಕಂಪನಿ ಸೌಮ್ಯವಾದ 9.3x57 ತೋಟಾವನ್ನು ಹೊಂದಿಸಿದ್ದು ವಿವೇಕದ ನಿರ್ಧಾರ. ಜರ್ಮನಿಯಲ್ಲಂತೂ ನಳಿಗೆ ಬದಲಿಸಿದ ರೈಫಲ್ ಸರ್ಕಾರಿ ಪರೀಕ್ಷಾಲಯಕ್ಕೆ ಹೋಗಿ, ಮಿತಿಗಿಂತ ಹೆಚ್ಚಿನ ಒತ್ತಡದ ತೋಟಾಗಳನ್ನು ತಾಳಿಕೊಂಡು, ಹೊಸ ಮುದ್ರೆ ಒತ್ತಿಸಿಕೊಂಡು ಬರಲೇಬೇಕು. ಆ ಮುದ್ರೆಯಿಲ್ಲದ ಪರಿವರ್ತಿತ ಮೌಸರ್ ಎಷ್ಟೇ ಅಂದವಾಗಿ ಕಂಡರೂ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದನ್ನು ಕೊಳ್ಳಬಾರದು.