ಅಬ್ಬಿ ನೀರು ನಿಂತ ಮೇಲೆ

ಎರಡು ವರ್ಷದ ಹಿಂದಿನ ಮಾರ್ಚ್. ಆಫೀಸ್ ಮೀಟಿಂಗ್ ನಡುವೆ ಅಮ್ಮನ ಫೋನ್: "ಅಬ್ಬಿ ನೀರು ದಾರದಷ್ಟಾಗಿದೆ ಕಣೋ. ಬೋರ್ ಹಾಕ್ಸೋಣ್ವಾ?"

ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಬ್ಬಿ ಅಂದ್ರೆ ಗುಡ್ಡದ ಒರತೆಯಿಂದ ಮೋಟರ್ ಇಲ್ಲದೆ, ಕರೆಂಟ್ ಬಿಲ್ ಇಲ್ಲದೆ ಬಚ್ಚಲಿಗೇ ಇಳಿದು ಬರೋ ನೀರು. ಅಜ್ಜನ ಕಾಲದಲ್ಲಿ ಅಡಿಕೆ ದಂಬೆಯಲ್ಲಿ ಬರ್ತಿತ್ತು, ಈಗ ಪೈಪಿನಲ್ಲಿ. ನಾಲ್ಕು ಮನೆಗೆ ಅದೇ ಆಧಾರ.

ನಾನು ಇಂಜಿನಿಯರ್ ಅಲ್ವಾ! ಆ ಶನಿವಾರವೇ ಊರಿಗೆ ಹೋಗಿ, ಹಾರೆಯಿಂದ ಒರತೆಯ ಬಾಯಿ ಅಗಲ ಮಾಡಿ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿದೆ. ಸ್ಟೇಟಸ್‌ಗೆ ಫೋಟೊನೂ ಹಾಕಿದೆ. ಹದಿನೈದೇ ದಿನಕ್ಕೆ ಪೈಪ್ ಒಣಗಿತು. ನೀರು ಕಟ್ಟೆ ಬಿಟ್ಟು ಆರಡಿ ಕೆಳಗೆ ಕೆಸರಲ್ಲಿ ಜಿನುಗುತ್ತಿತ್ತು.

ಆಮೇಲೆ ಓದಲು ಕೂತೆ. ಒರತೆ ಅನ್ನೋದು ನಲ್ಲಿ ಅಲ್ಲ. ಮೇಲೆ ಬಿದ್ದ ಮಳೆ ಮಣ್ಣಲ್ಲಿ, ಕಲ್ಲಿನ ಬಿರುಕಲ್ಲಿ ಇಂಗಿ, ಇನ್ನು ಕೆಳಗಿಳಿಯಲಾಗದ ಕಡೆ ಹೊರಗೆ ಬರುತ್ತದೆ. ಸಿಕ್ಕಿಂನಲ್ಲಿ 2008ರಲ್ಲಿ ಶುರುವಾದ 'ಧಾರಾ ವಿಕಾಸ್' ಕೂಡ ಇದನ್ನೇ ಹಿಡಿದು ಹೊರಟಿದ್ದು: ನೀರು ಬರುವ ಜಾಗ ಅಲ್ಲ, ಇಂಗುವ ಜಾಗ ನೋಡಿ ಅಂತ.

ನಮ್ಮ ಅಬ್ಬಿಗೆ ನೀರು ಇಂಗೋದು ಮೇಲಿನ ಸೊಪ್ಪಿನ ಬೆಟ್ಟದಲ್ಲಿ. ದರಗು ಪೂರ್ತಿ ಗುಡಿಸಿ, ದನ ತುಳಿದು, ನೆಲ ಅಂಗಳದ ಹಾಗೆ ಗಟ್ಟಿಯಾಗಿತ್ತು. ಮಳೆ ನಿಲ್ಲದೆ ಹಳ್ಳಕ್ಕೆ ಓಡುತ್ತಿತ್ತು. ಆದ್ರೆ ಆ ಬೆಟ್ಟ ದೊಡ್ಡಪ್ಪನ ಪಾಲಿನದು. ಆಸ್ತಿ ಪಾಲಾದಾಗಿನಿಂದ ಹನ್ನೊಂದು ವರ್ಷ ನಮಗೂ ಅವರಿಗೂ ಮಾತಿಲ್ಲ.

ಹೋದೆ. ಗಂಟಲು ಒಣಗಿತ್ತು.

"ನೀರು ನಿಮ್ಮನೆಗೆ, ಗುಂಡಿ ನನ್ನ ಬೆಟ್ಟದಲ್ಲಾ?" ಅಂದ್ರು ದೊಡ್ಡಪ್ಪ.

ಉತ್ತರ ಇರಲಿಲ್ಲ. ದೊಡ್ಡಮ್ಮ ಕೊಟ್ಟ ಕಾಫಿ ಕುಡಿದು ಬಂದೆ. ಮರುದಿನ ಬೆಳಿಗ್ಗೆ ನೋಡಿದ್ರೆ ಕತ್ತಿ ಹಿಡಿದು ದೊಡ್ಡಪ್ಪ ನಮ್ಮ ಅಂಗಳದಲ್ಲಿ! "ಬಾ, ನಾನು ಹುಡುಗ ಆಗಿದ್ದಾಗ ನೀರು ಎಲ್ಲೆಲ್ಲಿ ನಿಲ್ತಿತ್ತು, ತೋರಿಸ್ತೀನಿ."

ಎರಡು ಬೇಸಿಗೆಯ ವೀಕೆಂಡ್‌ಗಳು. ನಾಲ್ಕು ಮನೆಯವರು, ಆಫೀಸಿನ ಮೂವರು ಗೆಳೆಯರು. ಇಳಿಜಾರಿಗೆ ಅಡ್ಡವಾಗಿ ಅರವತ್ತೆರಡು ಸಣ್ಣ ಇಂಗುಗುಂಡಿ ತೋಡಿದ್ವಿ. ಕಡಿದಾದ ಜಾಗ ಮುಟ್ಟಲಿಲ್ಲ. ಅಲ್ಲಿ ನೀರು ನಿಲ್ಲಿಸಿದರೆ ಮಳೆಗಾಲದಲ್ಲಿ ಧರೆ ಕುಸಿಯುವ ಭಯ. ಬೆಟ್ಟದ ಒಂದು ಭಾಗದಲ್ಲಿ ದರಗು ಗುಡಿಸೋದು, ದನ ಬಿಡೋದು ನಿಲ್ಲಿಸಿದ್ವಿ. ನನ್ನ ಸಿಮೆಂಟ್ ಕಟ್ಟೆಯನ್ನು ನಾನೇ ಒಡೆದೆ.

ಮೊದಲ ಏಪ್ರಿಲ್‌ನಲ್ಲಿ ಕಟ್ಟೆ ಒಡೆದ ಮೇಲೆ ಹತ್ತು ಲೀಟರ್ ಬಕೆಟ್ ತುಂಬಲು ನಾಲ್ಕು ನಿಮಿಷ ಹಿಡಿದಿತ್ತು. ಈ ಏಪ್ರಿಲ್‌ನಲ್ಲಿ ಎರಡೂವರೆ. ಕಳೆದ ಸಲ ಮಳೆಯೂ ಚೆನ್ನಾಗಿ ಆಗಿತ್ತು, ಹಾಗಾಗಿ ಎಲ್ಲಾ ಗುಂಡಿಗಳಿಂದಲೇ ಅಂತ ಹೇಳಲಾರೆ. ಬೋರ್ ಮಾತು ಸದ್ಯಕ್ಕೆ ನಿಂತಿದೆ.

ನಿಮ್ಮೂರಲ್ಲೂ ಒರತೆ ಇದ್ರೆ ನನ್ನ ಹಾಗೆ ಹಾರೆ ಹಿಡಿಯಬೇಡಿ. ಮೊದಲು ಬಕೆಟ್ ಇಟ್ಟು, ಮೊಬೈಲ್‌ನಲ್ಲಿ ಟೈಮ್ ನೋಡಿ ಬರೆದಿಡಿ. ತಿಂಗಳಿಗೊಮ್ಮೆ, ಒಂದು ವರ್ಷ. ಆಮೇಲೆ ಗುಡ್ಡ ಹತ್ತಿ, ಮೇಲೆ ಯಾರ ಜಾಗ ಇದೆ ಕೇಳಿ.

ನಮ್ಮಲ್ಲಿ ಈಗ ಆ ಲೆಕ್ಕ ಬರೆಯೋದು ದೊಡ್ಡಪ್ಪ. ಪ್ರತಿ ತಿಂಗಳು ಒಂದನೇ ತಾರೀಖು ವಾಟ್ಸಾಪ್ ಮಾಡ್ತಾರೆ. ಮೊನ್ನೆ ಎರಡು ದಿನ ತಡವಾಯ್ತು. ಅಮ್ಮನೇ ಅವರ ಮನೆಗೆ ಹೋಗಿ ಕೇಳಿಕೊಂಡು ಬಂದ್ಳಂತೆ.