ಲೆಟ್ಯೂಸ್ ತೊಳೆಯುವುದೂ ಅಡುಗೆಯೇ



ನಾವು ಊರು ಬಿಟ್ಟು ಡೊಂಬಿವಲಿಗೆ ಬಂದ ಕಾಲಕ್ಕೆ ಹೋಟೆಲಿನಲ್ಲಿ ಸಲಾಡ್ ಎಂದರೆ ಸೌತೆಕಾಯಿ, ಟೊಮೆಟೊ, ನೀರುಳ್ಳಿ, ಒಂದು ತುಂಡು ನಿಂಬೆ, ಅಷ್ಟೇ. 1996ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಮುಂಬಯಿಗೆ ಬಂತು. ಬರ್ಗರಿನೊಳಗಿನ ಗರಿಗರಿ ಎಲೆ ಮಕ್ಕಳಿಗೆ ಹಿಡಿಸಿತು. ಇಂದು ವಾಶಿ ಎಪಿಎಂಸಿಯಿಂದ ಥಾಣೆ, ಕಲ್ಯಾಣದ ಹೋಟೆಲುಗಳಿಗೆ ಬರುವ ತರಕಾರಿ ಜೊತೆ ಐಸ್‌ಬರ್ಗ್ ಲೆಟ್ಯೂಸೂ ಇರುತ್ತದೆ. ತರಿಸಲು ಕಲಿತೆವು, ತೊಳೆಯಲು ಕಲಿತಿರಲಿಲ್ಲ.

ಒಂದು ಮಳೆಗಾಲದ ಭಾನುವಾರ ನಮ್ಮ ಖಾಯಂ ಗಿರಾಕಿಯೊಬ್ಬರು ಮಗಳ ಸ್ಯಾಂಡ್‌ವಿಚ್ ಬಿಡಿಸಿ ತೋರಿಸಿದರು. ಎಲೆಯ ಮೇಲೆ ಹಸಿರು ಹುಳ! ಅವರು ಜಗಳ ಮಾಡಲಿಲ್ಲ. ಬಿಲ್ಲು ಕೊಟ್ಟು ಹೋದರು, ಮತ್ತೆ ಬರಲಿಲ್ಲ. ಮನೆಯಲ್ಲಿ ವಿಷಯ ಹೇಳಿದಾಗ ಶ್ರೀಮತಿ ಒಂದು ಲೆಟ್ಯೂಸ್ ಎಲೆ ಎಲೆಯಾಗಿ ಬಿಡಿಸಿ, ಬೋಗುಣಿ ನೀರಿನಲ್ಲಿ ಮುಳುಗಿಸಿ ಎತ್ತಿದಳು. ತಳದಲ್ಲಿ ಉಳಿದ ಮಣ್ಣು ತೋರಿಸಿ, "ನೀವು ಹೋಟೆಲಿನಲ್ಲಿ ಹೀಗೆ ತೊಳೆಯುತ್ತೀರಾ?" ಎಂದು ಕೇಳಿದಳು. ನಮ್ಮಲ್ಲಿ ಇಡೀ ಗಡ್ಡೆಯನ್ನು ನಳ್ಳಿಯ ಕೆಳಗೆ ಹಿಡಿದು ಕೊಚ್ಚುತ್ತಿದ್ದರು. ನಾವು ಸುಮ್ಮನಾದೆವು.

ಸಾಂಬಾರಿನ ತರಕಾರಿ ಕುದಿಯುತ್ತದೆ, ರೋಗಾಣು ಸಾಯುತ್ತದೆ. ಲೆಟ್ಯೂಸಿಗೆ ಒಲೆಯೇ ಇಲ್ಲ. ಹುಳ ಕಣ್ಣಿಗೆ ಕಾಣುತ್ತದೆ, ರೋಗಾಣು ಕಾಣುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ ರೊಮೇನ್ ಲೆಟ್ಯೂಸ್ ತಿಂದು 210 ಮಂದಿ ಕಾಯಿಲೆ ಬಿದ್ದರು, ಐವರು ತೀರಿಕೊಂಡರು. ಅಲ್ಲಿ ಕಾಲುವೆಯ ನೀರಿನಲ್ಲೇ ಇ-ಕೋಲಿ ಸಿಕ್ಕಿತ್ತು. ನಮ್ಮ ರೈಲು ಹಳಿಗಳ ಬದಿಯಲ್ಲಿ ಚರಂಡಿ ನೀರಿನಿಂದ ಬೆಳೆದ ಸೊಪ್ಪಿನ ಸುದ್ದಿ ನಿಮಗೆಲ್ಲ ಗೊತ್ತೇ ಇದೆ.

ಈಗ ನಮ್ಮಲ್ಲಿ ಮಾಡುವ ಕ್ರಮ ಹೀಗಿದೆ:

1. ಹುಡುಗ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಹೊರಗಿನ ಎರಡು ಎಲೆ, ನಡುವಿನ ದಂಟು ತೆಗೆದು ಉಳಿದ ಎಲೆಗಳನ್ನು ಬಿಡಿಸಬೇಕು.

2. ತಣ್ಣೀರಿನಲ್ಲಿ ಮುಳುಗಿಸಿ, ಎಲೆಯನ್ನು ಮೇಲಕ್ಕೆ ಎತ್ತಬೇಕು. ಪಾತ್ರೆ ಬಗ್ಗಿಸಿದರೆ ಮಣ್ಣು ಮತ್ತೆ ಎಲೆಗೇ ಬೀಳುತ್ತದೆ. ತಳದಲ್ಲಿ ಮಣ್ಣು ಕಾಣದವರೆಗೆ ನೀರು ಬದಲಿಸಬೇಕು.

3. ನಂತರ ಎಫ್‌ಎಸ್‌ಎಸ್‌ಎಐ ಹೇಳುವ 50 ಪಿಪಿಎಂ ಕ್ಲೋರಿನ್ ನೀರು. ಶೇ. 4ರ ಆಹಾರಯೋಗ್ಯ ಸೋಡಿಯಂ ಹೈಪೋಕ್ಲೋರೈಟ್ ಆದರೆ 10 ಲೀಟರಿಗೆ ಸುಮಾರು 12 ಮಿ.ಲೀ. ಸಾಕು. ನೆಲ ಒರೆಸುವ ಬ್ಲೀಚ್ ಖಂಡಿತ ಬೇಡ. ಬಾಟಲಿಯ ಮೇಲಿನ ಸಮಯ ನೋಡಿ, ಕೊನೆಗೆ ಕುಡಿಯುವ ನೀರಿನಲ್ಲಿ ತೊಳೆಯಬೇಕು. ಇದರಿಂದ ರೋಗಾಣು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕೊಳೆತ ಮಾಲು ಮೊದಲೇ ವಾಪಸು ಕಳುಹಿಸಿ.

4. ಜಾಳಿಗೆಯಲ್ಲಿ ನೀರು ಬಸಿದು, ಶುಭ್ರ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು. ಒದ್ದೆ ಎಲೆ ಬೇಗ ಕೊಳೆಯುತ್ತದೆ, ಬ್ರೆಡ್ಡನ್ನೂ ನೆನೆಸುತ್ತದೆ.

5. ಮುಚ್ಚಿದ ಡಬ್ಬಿಯಲ್ಲಿ, 5 ಡಿಗ್ರಿಗಿಂತ ಕೆಳಗೆ ಇಡಬೇಕು. ಹಸಿ ಕೋಳಿ, ಮೀನು ಇರುವ ಫ್ರಿಜ್ಜಿನಲ್ಲಿ ಮೇಲಿನ ತಟ್ಟೆಯಲ್ಲೇ ಇರಲಿ. ಹಣ್ಣಾದ ಟೊಮೆಟೊ, ಸೇಬು ಹತ್ತಿರವಿದ್ದರೆ ಎಲೆಗೆ ಕಂದು ಚುಕ್ಕೆ ಬರುತ್ತದೆ.

6. ಆರ್ಡರ್ ಬಂದ ಮೇಲೆಯೇ ಹರಿಯಬೇಕು. ಚೂರಿ, ಹಲಗೆ ಬೇರೆಯೇ ಇರಬೇಕು. ಬಾಡಿದ ಎಲೆ ಐಸ್ ನೀರಿನಲ್ಲಿ ಕಾಲು ಗಂಟೆಯಲ್ಲಿ ಚೇತರಿಸುತ್ತದೆ. ಲೋಳೆಯಾದದ್ದನ್ನು ಎಸೆಯಿರಿ.

ಇಷ್ಟಕ್ಕೆ ಒಬ್ಬ ಹುಡುಗನ ಮುಕ್ಕಾಲು ಗಂಟೆ ಬೇಕು. ರಶ್ಶಿನ ಹೊತ್ತಿನಲ್ಲಿ ಆಗುವುದಿಲ್ಲ, ಬೆಳಿಗ್ಗೆಯೇ ಮಾಡಿಸಿ. ಸಂಬಳ ದಂಡ ಎಂದು ನಮಗೂ ಮೊದಲು ಅನಿಸಿತ್ತು. ಆದರೆ ಆ ಗಿರಾಕಿಯ ಕುಟುಂಬ ವಾರವಾರ ನಮ್ಮಲ್ಲೇ ಊಟ ಮಾಡುತ್ತಿತ್ತು. ಲೆಕ್ಕ ನೀವೇ ಹಾಕಿ.

ಅವರು ಇನ್ನೂ ಬಂದಿಲ್ಲ. ಬಂದರೆ ಮಗಳಿಗೆ ಸ್ಯಾಂಡ್‌ವಿಚ್ ಕೊಡಲು ಈಗ ನಮಗೆ ಧೈರ್ಯವಿದೆ.